ಅಕ್ಕ ಎಣಿಸಿದ ಉಸಿರು

ನಾನು ಇಲ್ಲ ಅನ್ನಬೇಕಾಗಿತ್ತು. ಹೌದು ಅಂದೆ. ಒಂದೇ ಒಂದು ಮಾತು. ಹಟ್ಟಿಯ ಹತ್ತು ಜನ ಕೇಳುವ ಹಾಗೆ ಸುಳ್ಳಿಗೆ ಹೌದು ಅಂದು, ನೆಲ ನೋಡುತ್ತಾ ನಿಂತೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಗೊತ್ತಿದ್ದೇ ನಾನು ತಲೆ ಎತ್ತಲಿಲ್ಲ.

ಅಕ್ಕ ತೀರಿಕೊಂಡು ಮಣ್ಣಾದ ಮಾರನೆಯ ದಿನ, ಮೊಳಕಾಲ್ಮೂರಿನಲ್ಲಿ ಅವಳಿದ್ದ ಕೋಣೆ ಖಾಲಿ ಮಾಡಲು ಹೋಗಿದ್ದೆ. ಇದ್ದದ್ದು ಒಂದು ತಗಡಿನ ಟ್ರಂಕು. ಬಸ್ಸಿನ ಮೇಲೆ ಹಾಕಿಸಿಕೊಂಡು ತಂದೆ. ಮನೆಯಲ್ಲಿ ತೆಗೆದು ನೋಡಿದರೆ ನಾಲ್ಕು ಸೀರೆ, ಅಪ್ಪನ ಹಳೆಯ ಕಂಬಳಿ, ಎಲ್ಲಕ್ಕಿಂತ ಕೆಳಗೆ ಅಂಗೈಯಗಲದ ಒಂದು ಬಟ್ಟೆ ಚೀಲ, ಬಾಯಿಗೆ ದಾರ. ಮೂಗಿಗೆ ಹಿಡಿದೆ. ಒಣ ಹುಲ್ಲು, ಧೂಳು, ಹಕ್ಕಿ ಹಿಕ್ಕೆ... ಇಷ್ಟು ವರ್ಷ ವಾಸನೆ ಉಳಿಯುವುದಿಲ್ಲ ಎಂದು ನನ್ನ ಮಗ ಹೇಳಿದ. ನನಗೆ ಬಂತು.

"ಎಲೆ ಅಡಿಕೆ ಚೀಲನೇನ್ರಿ?" ಎಂದು ಹೆಂಡತಿ ಕೇಳಿದಳು.

"ಹಕ್ಕಿ ಚೀಲ," ಅಂದೆ. ದಾರ ಬಿಗಿದು ಜೇಬಿಗೆ ಹಾಕಿಕೊಂಡೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದ ನಾಲ್ಕನೇ ವರ್ಷ ಗಂಡ ಸತ್ತು ತವರಿಗೆ ಬಂದಳು. ಅಪ್ಪ ಹೋದ ಮೇಲೆ ಕುರಿಯ ಹಿಂದೆ ನಡೆದವಳು ಅವಳೇ. ನಾನು ನಾಯಕನಹಟ್ಟಿಗೆ ಹೋಗಿ ಏಳನೇ ಕ್ಲಾಸು ಓದಿದೆ, ಅಲ್ಲಿಗೆ ಬಿಟ್ಟೆ. ಅವಳು ಸ್ಕೂಲಿನ ಬಾಗಿಲು ಕಂಡವಳಲ್ಲ. ಆದರೆ ಎಣಿಕೆಯಲ್ಲಿ ಅವಳ ಸಮಕ್ಕೆ ಹಟ್ಟಿಯಲ್ಲಿ ಯಾರೂ ಇರಲಿಲ್ಲ. ನಮ್ಮ ಕಡೆ ಐದಾರು ಮನೆಯ ಕುರಿಗಳನ್ನು ಒಂದೇ ಹಿಂಡು ಮಾಡಿ ದೂರದ ಮೇವಿಗೆ ಹೊಡೆಯುತ್ತಾರೆ. ಹೊರಡುವಾಗ ಮುಳ್ಳುಬೇಲಿಯ ಕಿಂಡಿಯಲ್ಲಿ ಒಬ್ಬರು ನಿಂತು ಎಣಿಸಬೇಕು. ಕುರಿಗಳು ನುಗ್ಗಿ ಬರುತ್ತವೆ, ಒಂದರ ಬೆನ್ನ ಮೇಲೊಂದು ಹಾರುತ್ತವೆ. ಅಕ್ಕ ಕೋಲು ಅಡ್ಡ ಹಿಡಿದು ತುಟಿ ಅಲ್ಲಾಡಿಸದೆ ಎಣಿಸುತ್ತಿದ್ದಳು. ಇಪ್ಪತ್ತಾದರೆ ಸೆರಗಿಗೆ ಒಂದು ಹುಣಸೆ ಬೀಜ ಹಾಕಿಕೊಳ್ಳುವಳು, ಮಿಕ್ಕಿದ್ದಕ್ಕೆ ಜೋಳದ ಕಾಳು. ಅವಳು ಎಣಿಸಿದ ಮೇಲೆ ಇನ್ನೊಬ್ಬರು ಎಣಿಸುವ ಪದ್ಧತಿಯೇ ಇರಲಿಲ್ಲ. ಕುರಿ ಕಳೆದು ಜಗಳ ಬಂದರೆ ಹಿರಿಯರು ಕೇಳುತ್ತಿದ್ದದ್ದು ಒಂದೇ ಮಾತು: "ಆಯಮ್ಮ ಎಷ್ಟಂದ್ಳು?"

ಗಂಡ ಇಲ್ಲದ, ಮಕ್ಕಳಿಲ್ಲದ, ಒಂದು ಗುಂಟೆ ಹೊಲವೂ ಇಲ್ಲದ ಹೆಂಗಸಿಗೆ ಹಟ್ಟಿಯಲ್ಲಿ ಇದ್ದ ಮರ್ಯಾದೆ ಅದೊಂದೇ. ಅದನ್ನೇ ನಾನು ಕಿತ್ತುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುದಾಪುರದ ಕಡೆಯ ಕಾವಲಿಗೆ, ನಮ್ಮ ಕುರಿ ಮೇಯುವ ಬಯಲಿಗೆ, ಆಗ ಗೋಡೆ ಬಂದಿರಲಿಲ್ಲ. ಎತ್ತ ನೋಡಿದರೂ ಮೊಣಕಾಲುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ದೂರದ ಯಾವುದೋ ಕಾಲೇಜಿನಿಂದ ಒಬ್ಬ ಮೇಡಮ್ ಜೀಪಿನಲ್ಲಿ ಬಂದು ನಾಯಕನಹಟ್ಟಿಯಲ್ಲಿ ರೂಮು ಹಿಡಿದರು. ಅವರಿಗೆ ಬೇಕಾಗಿದ್ದದ್ದು ನೆಲಗುಬ್ಬಿ. ಗುಬ್ಬಚ್ಚಿಯಷ್ಟೂ ಇಲ್ಲದ ಹಕ್ಕಿ, ಗಂಡಿನ ಹೊಟ್ಟೆ ಕಪ್ಪು, ಬೆನ್ನು ಮಣ್ಣಿನ ಬಣ್ಣ. ಕೂತರೆ ಕಲ್ಲೋ ಹಕ್ಕಿಯೋ ತಿಳಿಯುವುದಿಲ್ಲ. ಮೊದಲ ದಿನ ಮೇಡಮ್ ಹುಲ್ಲಿನಲ್ಲಿ ನಡೆದು ಬರುತ್ತಿದ್ದಾಗ ಅಕ್ಕ ಕುರಿ ಮಧ್ಯದಿಂದಲೇ ಕೂಗಿದಳು. "ಮೇಡಮ್ಮೋರೆ, ಕಾಲು ಅಲ್ಲೇ ನಿಲ್ಲಿಸ್ರಿ. ಮುಂದಿನ ಹೆಜ್ಜೆಗೆ ಗೂಡೈತೆ." ಇತ್ತು. ಅವತ್ತೇ ಅಕ್ಕನನ್ನು ಕೆಲಸಕ್ಕೆ ಕರೆದರು. ಲೆಕ್ಕದ ಪುಸ್ತಕ ಬರೆಯಲು ನನ್ನನ್ನು.

ಕೆಲಸ ಹೀಗಿತ್ತು. ಹಕ್ಕಿ ಕೂತಿರುವ ಕಡೆಗೆ ನೇರ ನಡೆಯಬೇಕು. ಇಪ್ಪತ್ತು ಹೆಜ್ಜೆ ಇರುವಾಗಲೇ ಹಾರಿಹೋದರೆ ಅದು ಪುಕ್ಕಲು. ಐದಾರು ಹೆಜ್ಜೆಗೆ ಹೋದರೂ ಕದಲದಿದ್ದರೆ ಗಟ್ಟಿ. ಆಮೇಲೆ ಬಲೆಯಲ್ಲಿ ಹಿಡಿದು, ಕಾಲಿಗೆ ಬಣ್ಣದ ಉಂಗುರ ಹಾಕಿ, ಆ ಪುಟ್ಟ ಚೀಲದಲ್ಲಿಟ್ಟು ತೂಗುವುದು. ಕೊನೆಗೆ ಅಂಗೈಯಲ್ಲಿ ಹಿಡಿದು ಅರ್ಧ ನಿಮಿಷಕ್ಕೆ ಎದೆ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಿ ಬಿಟ್ಟುಬಿಡುವುದು. ಆ ಉಸಿರು ಎಣಿಸುವುದು ನನ್ನ ಕಣ್ಣಿಗೆ ಸಿಕ್ಕುತ್ತಿರಲಿಲ್ಲ. ಮೇಡಮ್ಮೂ ಎರಡೆರಡು ಸಲ ಎಣಿಸುತ್ತಿದ್ದರು. ಅಕ್ಕನಿಗೆ ಒಂದೇ ಸಲ ಸಾಕು. ಒಂದು ತಿಂಗಳಾಗುವಷ್ಟರಲ್ಲಿ ಯಾವ ಬಣ್ಣದ ಉಂಗುರದ್ದು ಗಟ್ಟಿ, ಯಾವುದು ಪುಕ್ಕಲು ಎಂದು ಅವಳಿಗೆ ಬಾಯಿಪಾಠವಾಗಿತ್ತು.

ಮೇಡಮ್ ಒಮ್ಮೆ ಬುತ್ತಿ ಉಣ್ಣುವಾಗ ಬಿಡಿಸಿ ಹೇಳಿದರು. "ಮನುಷ್ಯರಿಗೆ ಸ್ವಭಾವ ಇರೋ ಹಾಗೆ ಹಕ್ಕಿಗೂ ಇರುತ್ತೆ. ಆ ಸ್ವಭಾವಕ್ಕೂ ಅದರ ಮೈಯೊಳಗಿನ ಉರಿಗೂ ಏನೋ ನಂಟು ಇದೆ. ಚಳಿ, ಬಿಸಿಲು, ಮಳೆ ಬದಲಾದರೆ ಆ ನಂಟು ಹಾಗೇ ಇರುತ್ತಾ, ಬದಲಾಗುತ್ತಾ? ಅದು ನನಗೆ ತಿಳೀಬೇಕು."

"ಇದಕ್ಕೆ ಜೀಪ್ಯಾಕೆ ಬೇಕಿತ್ತು?" ಎಂದಳು ಅಕ್ಕ. "ನಮ್ಮ ಟಗರು ನೋಡ್ರಿ. ಚಳಿಗಾಲದಾಗೆ ಕಂಡೋರಿಗೆಲ್ಲ ಗುದ್ದಾಕೆ ಬರೋದು, ಬ್ಯಾಸಿಗ್ಯಾಗೆ ಮೊದ್ಲು ನಾಲಿಗೆ ಹಾಕದು ಅದೇನೆ. ಪುಕ್ಕಲ ಮುಂಡೇದು ನೆಳ್ಳಾಗೆ ನಿಂತು ಬದುಕ್ಕಂತತೆ."

ಮೇಡಮ್ ನಕ್ಕರು. "ಹಕ್ಕಿಯಲ್ಲೂ ಹಾಗೇನಾ, ಎಣಿಸಿ ಹೇಳಿ. ನಿಮ್ಮ ಹೆಸರು ನನ್ನ ಬರಹದಲ್ಲಿ ಹಾಕ್ತೀನಿ. ಮುಂದಿನ ವರ್ಷ ಬೇರೆ ಊರಿನ ಕಾವಲಿಗೂ ನೀವೇ ಬಂದು ಕಲಿಸಬೇಕು."

"ಹೆಸ್ರು ಬ್ಯಾಡ್ರಿ. ಎಣಿಕೆ ಹಾಕ್ರಿ, ಸಾಕು."

ಆ ಚಳಿಗಾಲವೆಲ್ಲ ಪುಸ್ತಕ ಚೊಕ್ಕವಾಗಿ ತುಂಬಿತು. ಪುಟದಲ್ಲಿ ಗೀಟೆಳೆದು ಒಂದು ಮನೆ ಗಟ್ಟಿ ಹಕ್ಕಿಗೆ, ಒಂದು ಮನೆ ಪುಕ್ಕಲಿಗೆ. ಪುಕ್ಕಲಿನ ಮನೆಯ ಅಂಕಿ ಯಾವತ್ತೂ ಹೆಚ್ಚು. ಅಂಜುವ ಹಕ್ಕಿಯ ಎದೆ ಹೆಚ್ಚು ಬಡಿಯುತ್ತದೆ, ಇದರಲ್ಲೇನಿದೆ ಎಂದು ನನಗನ್ನಿಸಿತು. ನನ್ನ ಕೈಬರಹ ದುಂಡಗಿದೆ ಎಂದು ಮೇಡಮ್ ಹೊಗಳಿದ್ದರು. ಆ ಹೊಗಳಿಕೆಯೇ ನನ್ನ ತಲೆಗೇರಿತು.

ಬೇಸಿಗೆ ಬಂದಾಗ ಮೇಡಮ್ ಕಾಲೇಜಿನ ಕೆಲಸಕ್ಕೆ ಹೊರಟರು. ಬಿಸಿಲು ಚೆನ್ನಾಗಿ ಏರಿದ ಮೇಲೆ ಅದೇ ಉಂಗುರದ ಹಕ್ಕಿಗಳನ್ನು ಮತ್ತೆ ಹಿಡಿದು ಎಣಿಸಿ, ಕೊಡೆಯ ನೆರಳಲ್ಲೇ ಹಿಡಿಯಿರಿ, ಬೇಗ ಬಿಡಿ ಎಂದು ಹೇಳಿ, ಪುಸ್ತಕ ನನ್ನ ಕೈಗೆ ಕೊಟ್ಟು ಹೋದರು. ನಾನು ಮೂರು ದಿನ ಹೋದೆ. ಒಂದು ಹಕ್ಕಿಯೂ ಬಲೆಗೆ ಬೀಳಲಿಲ್ಲ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಾಲ್ಕನೇ ದಿನದಿಂದ ನನಗೆ ಚಳ್ಳಕೆರೆಯಲ್ಲಿ ಕೆಲಸವಿದೆ ಎಂದೆ. ಕೆಲಸ ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು ಟೀ ಕುಡಿದು ಬರುತ್ತಿದ್ದೆ. ಅಕ್ಕ ಒಬ್ಬಳೇ ಕೊಡೆ, ಬಲೆ, ಮೇಡಮ್ ಕೊಟ್ಟಿದ್ದ ಗಡಿಯಾರ, ನೀರಿನ ಬಿಂದಿಗೆ ಹೊತ್ತು ಹೋದಳು. ಬರೆಯುವವನಿಲ್ಲ. ಅದಕ್ಕೆ ತನ್ನ ಪದ್ಧತಿಯನ್ನೇ ಹಿಡಿದಳು. ಒಂದು ಹಕ್ಕಿಗೆ ಸೆರಗಿನಲ್ಲಿ ಒಂದು ಗಂಟು. ಒಳಗೆ ಇಪ್ಪತ್ತಕ್ಕೆ ಹುಣಸೆ ಬೀಜ, ಬಿಡಿಗೆ ಜೋಳ. ಗಟ್ಟಿ ಹಕ್ಕಿಯದ್ದು ಸೆರಗಿನ ಬಲತುದಿಗೆ, ಪುಕ್ಕಲಿನದ್ದು ಎಡತುದಿಗೆ. ಸಂಜೆ ನನ್ನ ಮುಂದೆ ಕೂತು ಒಂದೊಂದೇ ಗಂಟು ಬಿಚ್ಚಿ ಹೇಳುವಳು. ನಾನು ಬರೆಯಬೇಕು.

ಮೊದಲ ಸಂಜೆಯೇ ಅಂಕಿ ತಿರುಗಾಮುರುಗಾ ಬಂತು. ಬಲತುದಿಯ ಗಂಟುಗಳೇ ದಪ್ಪ. ಗಟ್ಟಿ ಹಕ್ಕಿಯ ಉಸಿರೇ ಹೆಚ್ಚು.

"ಅಕ್ಕ, ತುದಿ ಅದಲು ಬದಲು ಮಾಡ್ಕಂಡಿದೀಯ," ಅಂದೆ.

"ಇಲ್ಲ ಕಣಪ್ಪ. ಬ್ಯಾಸಿಗ್ಯಾಗೆ ಹಿಂಗೇ ಐತೆ. ಪುಕ್ಕಲು ಹಕ್ಕಿ ಕಲ್ಲಿನ ಸಂದಿ ನೆಳ್ಳಾಗೆ ಸುಮ್ಕೆ ಕೂತಿರ್ತೈತೆ, ತಣ್ಣಗಿರ್ತೈತೆ. ಗಟ್ಟಿದು ಬಿಸ್ಲಾಗೇ ತಿರುಗಿ ತಿರುಗಿ ಬಾಯಿ ತಕ್ಕಂಡಿರ್ತೈತೆ. ನಾನೇನು ಮಾಡ್ಲಿ? ಐದು ದಿನ ಎಣಿಸಿದ್ರೂ ಹಿಂಗೇ ಬರ್ತೈತೆ, ಬರಿ ನೀನು."

ನಾನು ಬರೆದೆ. ಅವಳು ಹೇಳಿದ ಹಾಗೆ ಬರೆಯಲಿಲ್ಲ. ಅವಳು ಒಲೆ ಹಚ್ಚಲು ಎದ್ದ ಮೇಲೆ ಬಲತುದಿಯ ಅಂಕಿಗಳನ್ನು ಪುಕ್ಕಲಿನ ಮನೆಗೂ, ಎಡತುದಿಯವನ್ನು ಗಟ್ಟಿಯ ಮನೆಗೂ ಹಾಕಿದೆ. ಹಿಂದಿನ ಪುಟಗಳ ಹಾಗೆ ಸರಿಯಾಗಿ ಕಂಡಿತು. ಏಳನೇ ಕ್ಲಾಸಿನವನ ಬುದ್ಧಿ ಇಷ್ಟೇ. ಸ್ಕೂಲಿನಲ್ಲಿ ಉತ್ತರ ಪುಸ್ತಕದ ಹಾಗೆ ಬರದಿದ್ದರೆ ಬೆರಳ ಗಂಟಿನ ಮೇಲೆ ಏಟು ಬೀಳುತ್ತಿತ್ತು. ತಪ್ಪು ಅಂಕಿ ಕಂಡರೆ ಮೇಡಮ್ ಅಕ್ಕನನ್ನು ಬಿಡಿಸುತ್ತಾರೆ, ನಾನು ಅವಳನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಓದು ಬರದವಳನ್ನು ಓದಿದವನು ತಿದ್ದುತ್ತಿದ್ದಾನೆ ಎಂಬ ಸೊಕ್ಕೂ ಇತ್ತು. ಬಿಸಿಲಲ್ಲಿ ಬೆಂದು ಬಂದವಳ ಅಂಕಿಯನ್ನು ಫ್ಯಾನಿನ ಕೆಳಗೆ ಕೂತು ಬಂದ ನಾನು ತಿದ್ದಿದೆ. ಒಂದು ದಿನವಲ್ಲ. ಬೇಸಿಗೆ ಮುಗಿಯುವ ತನಕ, ಪ್ರತಿ ಸಂಜೆ.

ಒಂದು ದಿನ ಅವಳು ಗಂಟು ಬಿಚ್ಚುವ ಮೊದಲೇ ಹೇಳಿದಳು. ಹಳದಿ ಉಂಗುರದ ಗಂಡು, ಎಲ್ಲಕ್ಕಿಂತ ಗಟ್ಟಿಯಾದದ್ದು, ಅವಳ ಅಂಗೈಯಲ್ಲೇ ಸತ್ತಿತ್ತು. ಕೊಕ್ಕಿಗೆ ನೀರು ಬಿಟ್ಟಳಂತೆ, ಊದಿದಳಂತೆ... ಆಗಲಿಲ್ಲ. ಜಾಲಿಯ ಬುಡದಲ್ಲಿ ಮಣ್ಣು ಮಾಡಿ ಬಂದಿದ್ದಳು. "ಅರವತ್ತೆಂಟಕ್ಕೆ ಹೋಗಿ ನಿಂತ್ಬಿಡ್ತು," ಎಂದಳು. "ಅದನ್ನೂ ಬರಿ. ನನ್ನ ಕೈಯಾಗೆ ಸತ್ತೈತೆ ಅಂತ ಬರಿ."

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಸತ್ತದ್ದು ಬರೆದರೆ ಬೈಗುಳ ಎಂದು ಅಂಜಿದೆ. ಕಾವಲಿನ ಹಕ್ಕಿಗಳನ್ನೆಲ್ಲ ಗಟ್ಟಿ, ಪುಕ್ಕಲು ಎಂದು ಎರಡು ಪಾಲು ಮಾಡಿ ಬರೆಯುತ್ತಿದ್ದವನು ನಾನು. ನನ್ನಂಥ ಪುಕ್ಕಲು ಆ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಮೇಡಮ್ ಮರಳಿ ಬಂದಾಗ ಮುಂಗಾರಿನ ಮಳೆ ಎರಡು ಸಲ ಬಿದ್ದು ನೆಲ ತಂಪಾಗಿತ್ತು. ಕುರಿ ಕಟ್ಟುವ ರೊಪ್ಪದ ಮುಂದೆ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಅಲ್ಲಿಗೇ ಜೀಪು ಬಂತು. ಅಕ್ಕ ಓಡಿಹೋಗಿ ನಿಂತು, ಮಕ್ಕಳು ಹೇಳುವ ಹಾಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಬೇಸಿಗೆಯಲ್ಲಿ ಲೆಕ್ಕ ತಿರುಗಿತು, ಗಟ್ಟಿಯವೇ ಬಾಯಿ ತೆಗೆದವು, ಹಳದಿ ಉಂಗುರದ್ದು ಸತ್ತುಹೋಯಿತು, ತಪ್ಪಾಯಿತು. ಮೇಡಮ್ ಪುಸ್ತಕ ತೆಗೆದು ನೋಡುತ್ತಾ ನಿಂತರು. ಪುಟ ತಿರುವಿದರು, ಮತ್ತೆ ತಿರುವಿದರು.

"ಇದರಲ್ಲಿ ಹಾಗಿಲ್ವಲ್ಲ," ಎಂದರು. "ಪುಕ್ಕಲಿನದ್ದೇ ಜಾಸ್ತಿ ಇದೆ. ಸತ್ತಿದ್ದು ಎಲ್ಲೂ ಇಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. "ಬರ್ರಿ, ಈಗ್ಲೇ ಹಿಡಿದು ತೋರಿಸ್ತೀನಿ," ಎಂದು ಹೊರಟೇಬಿಟ್ಟಳು. ಕಟ್ಟೆಯ ಮೇಲಿದ್ದವರೂ ಬೀಡಿ ಹಚ್ಚಿಕೊಂಡು ತಮಾಷೆ ನೋಡಲು ಹಿಂದೆ ಬಂದರು. ಒಂದು ಗಟ್ಟಿ, ಒಂದು ಪುಕ್ಕಲು ಹಿಡಿದಳು. ಮೇಡಮ್ ಎಣಿಸಿದರು. ಪುಕ್ಕಲಿನದ್ದೇ ಹೆಚ್ಚು. ಅಕ್ಕ ತಾನೇ ಎಣಿಸಿದಳು. ಪುಕ್ಕಲಿನದ್ದೇ ಹೆಚ್ಚು. ಹಕ್ಕಿ ಬಿಟ್ಟು, ಒದ್ದೆ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದಳು.

"ಮಳೆ ಬಿದ್ದೈತಲ್ರಿ ಮೇಡಮ್ಮೋರೆ," ಎಂದಳು. "ತಂಪಾಗೈತೆ. ಅದಕ್ಕೆ ಮತ್ತೆ ಹಳೇ ಲೆಕ್ಕಕ್ಕೆ ಬಂದವೆ."

"ಹಕ್ಕಿನೂ ಮಾತು ಬದ್ಲಾಯಿಸ್ತಲ್ಲವ್ವ," ಎಂದ ಒಬ್ಬ. ಎಲ್ಲರೂ ನಕ್ಕರು.

ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜ. ಮೇಡಮ್ ಅಷ್ಟು ದೂರದಿಂದ ಬಂದು ತಿಳಿಯಲು ಒದ್ದಾಡುತ್ತಿದ್ದ ಸಂಗತಿ ಅದೇ. ಅವರಿಗೆ ಒಂದು ಗಳಿಗೆ ಅನುಮಾನ ಬಂತು. ಅದು ಅವರ ಮುಖದಲ್ಲಿ ಕಂಡಿತು. ನನ್ನ ಕಡೆ ತಿರುಗಿ ಕೇಳಿದರು, "ನಿಮ್ಮಕ್ಕ ಹೇಳಿದ್ದನ್ನೇ ನೀನು ಬರೆದೆಯಾ? ಅವರು ಹೇಳಿದ ಹಾಗೇ?"

"ಹೌದು ಮೇಡಮ್," ಅಂದೆ.

ನನಗೆ ಆ ಮೇಡಮ್ ಮೇಲೂ ಸಿಟ್ಟಿದೆ. ಒಂದು ಚಳಿಗಾಲವೆಲ್ಲ ಜೊತೆಗೆ ನಡೆದವಳ ಬಾಯಿಗಿಂತ ನನ್ನ ದುಂಡಗಿನ ಅಕ್ಷರ ಅವರಿಗೆ ಹೆಚ್ಚಾಯಿತು. ಇಡೀ ಬೇಸಿಗೆಯ ಪುಟಗಳನ್ನು ಅಲ್ಲೇ ಅಡ್ಡ ಗೀಟು ಹೊಡೆದರು. "ಬರೆಸಿದ್ದು ಒಂದು, ಈಗ ಹೇಳೋದು ಒಂದು. ಇದನ್ನು ಇನ್ನು ನಂಬೋ ಹಾಗಿಲ್ಲ," ಎಂದರು. ಬೈಯಲಿಲ್ಲ, ಕೂಗಲಿಲ್ಲ, ಅಕ್ಕನನ್ನು ಮತ್ತೆ ಕೆಲಸಕ್ಕೆ ಕರೆಯಲೂ ಇಲ್ಲ. ಅದು ಇನ್ನೂ ಕೆಟ್ಟದ್ದು. ನಕ್ಕವರ ಮೇಲೂ ಸಿಟ್ಟಿದೆ. ಅವರ ಕುರಿಗಳನ್ನು ಇಪ್ಪತ್ತು ವರ್ಷ ಒಂದೂ ತಪ್ಪದೆ ಎಣಿಸಿಕೊಟ್ಟವಳು ಅವಳು. ಆದರೆ ಅವರೆಲ್ಲರ ಪಾಲು ಕೂಡಿಸಿದರೂ ನನ್ನ ಪಾಲಿನಷ್ಟಾಗುವುದಿಲ್ಲ. ಅವರು ತಿಳಿಯದೆ ಮಾಡಿದರು. ನಾನು ತಿಳಿದು ಮಾಡಿದೆ.

ಆ ವರ್ಷ ಹಿಂಡು ಹೊರಡುವ ದಿನ ಅಕ್ಕ ಯಾವಾಗಲೂ ನಿಲ್ಲುವ ಹಾಗೆ ಕಿಂಡಿಯಲ್ಲಿ ಕೋಲು ಹಿಡಿದು ನಿಂತಳು. ಎಣಿಸಿ ಹೇಳಿದಳು. ಆಗ ಒಬ್ಬ, "ಯಾತಕ್ಕೂ ಇನ್ನೊಂದು ಸಲ ಎಣಿಸ್ಲೇ," ಎಂದು ತನ್ನ ಮಗನಿಗೆ ಹೇಳಿದ. ಅವನು ಎಣಿಸಿದ. ಅಷ್ಟೇ ಬಂತು. ಅಕ್ಕ ಕೋಲನ್ನು ಬೇಲಿಗೆ ಒರಗಿಸಿ ಮನೆಗೆ ನಡೆದಳು. ಮತ್ತೆ ಅಲ್ಲಿ ನಿಲ್ಲಲಿಲ್ಲ. ನನ್ನನ್ನು ಯಾಕೆ ಹಾಗೆ ಮಾಡಿದೆ ಎಂದು ಒಂದು ದಿನವೂ ಕೇಳಲಿಲ್ಲ. ಸುಗ್ಗಿ ಮುಗಿದ ಮೇಲೆ ಮೊಳಕಾಲ್ಮೂರಿಗೆ ಹೋಗಿ ಸೀರೆ ನೇಯುವವರ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ಸೇರಿದಳು.

ಏಳೆಂಟು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಹೋಗುವ ಧೈರ್ಯ ಬಂದದ್ದು ಕಾವಲನ್ನು ಸರ್ಕಾರದವರು ತೆಗೆದುಕೊಂಡು ಗೋಡೆ ಕಟ್ಟುತ್ತಾರೆ ಎಂಬ ಸುದ್ದಿ ಹಬ್ಬಿದಾಗ. ಬಿ.ಜಿ. ಕೆರೆ ದಾಟುವವರೆಗೂ ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅಕ್ಕ ಪಡಸಾಲೆಯಲ್ಲಿ ಕೂತು ರಾಟೆ ತಿರುಗಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. "ಮೀ ತಮ್ಮುಡಾ ಅಕ್ಕಾ?" ಎಂದು ಮನೆಯಾಕೆ ತೆಲುಗಿನಲ್ಲಿ ಕೇಳಿದಳು. ಅಕ್ಕ ಹೂಂ, ತಮ್ಮ ಎಂದಳು. ಆ ಮನೆಯಾಕೆಯೇ ನನಗೆ ಹೇಳಿದ್ದು: "ನಿಮ್ಮಕ್ಕಂದು ಕೈ ಚಿನ್ನದಂಥಾದ್ದು. ಆದ್ರೆ ಎಳೆ ಎಣಿಸಾಕೆ ಕೂರಮ್ಮ ಅಂದ್ರೆ ಕೂರಲ್ಲ. ಎಣಿಸಾದು ನಂಗೆ ಬರಾದಿಲ್ಲ ಅಂತಾಳೆ."

ಎಣಿಸುವುದು ಬರುವುದಿಲ್ಲ ಎಂದು ನನ್ನ ಅಕ್ಕ ಹೇಳಿದ್ದಳು.

ಮನೆಯಾಕೆ ಒಳಗೆ ಹೋದ ಮೇಲೆ ನಾನು ಹೇಳಿದೆ. ತಿದ್ದಿದ್ದು, ಸತ್ತ ಹಕ್ಕಿಯನ್ನು ಬಿಟ್ಟದ್ದು, ಹೌದು ಅಂದದ್ದು. ಅಕ್ಕನ ಕೈ ನಿಲ್ಲಲಿಲ್ಲ.

"ನಂಗ್ಯಾಕೆ ಹೇಳ್ತೀಯ?" ಎಂದಳು. "ನಾನೆಷ್ಟು ಎಣಿಸಿದ್ದೆ ಅಂತ ನಂಗೊತ್ತೈತೆ. ಕಟ್ಟೆ ಮ್ಯಾಲೆ ಕೂತಿದ್ರಲ್ಲ, ಅವ್ರಿಗೆ ಗೊತ್ತಿಲ್ಲ. ಹೋಗಿ ಅಲ್ಲಿ ಹೇಳು."

"ಹೇಳ್ತೀನಕ್ಕ."

"ಹೇಳಿ ಬಾ. ಆಮ್ಯಾಕೆ ಊಟ ಮಾಡಣ."

ನಾನು ಊಟ ಮಾಡದೆ ಬಂದೆ. ಹಟ್ಟಿಗೆ ಬಂದು ಹೇಳಲೂ ಇಲ್ಲ. ಮಗಳ ಮದುವೆ ಮಾತು ನಡೆಯುತ್ತಿದೆ, ಈಗ ಬೇಡ ಎಂದೆ. ಆಮೇಲೆ ಇನ್ನೊಂದು ನೆಪ. ವರ್ಷಕ್ಕೊಂದು ನೆಪ ಸಿಗುತ್ತಿತ್ತು. ಕಾವಲಿಗೆ ಗೋಡೆ ಎದ್ದಿತು, ನಮ್ಮ ಕುರಿಗಳೂ ಕರಗಿದವು. ಕಟ್ಟೆಯ ಮೇಲಿದ್ದವರಲ್ಲಿ ಅರ್ಧ ಜನ ಸತ್ತರು. ಅವರು ಸತ್ತಷ್ಟೂ ನನಗೆ ಒಳಗೊಳಗೇ ಹಗುರವಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇರಲಿ. ಅಕ್ಕ ಕಾದಳೋ ಇಲ್ಲವೋ ಗೊತ್ತಿಲ್ಲ... ಜ್ವರ ಬಂದು ನಾಲ್ಕೇ ದಿನಕ್ಕೆ ಹೋದಳು.

ಅವಳನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದೆವು. ಐದನೇ ದಿನ ಹಾಲು-ತುಪ್ಪ. ನೆಂಟರು, ಹಟ್ಟಿಯವರು ಬಂದಿದ್ದರು. ಒಬ್ಬೊಬ್ಬರಾಗಿ ಮಣ್ಣಿನ ಮೇಲೆ ಹಾಲು ಬಿಟ್ಟು ಬಂದು ಬೇವಿನ ನೆರಳಿಗೆ ಕೂತರು. ವರಸೆಯಲ್ಲಿ ನನಗೆ ಮಾವನಾಗುವ ಮುದುಕನೊಬ್ಬ, ಅವತ್ತು ಕಟ್ಟೆಯ ಮೇಲಿದ್ದವನೇ, ಕಣ್ಣೊರೆಸಿಕೊಂಡು ಹೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ ಹೇಳಿದ. "ಪುಣ್ಯಾತ್ಗಿತ್ತಿ ಕಣಪ್ಪ. ಆ ಹಕ್ಕಿ ಉಸಿರಿನ ಸುಳ್ಳೊಂದು ಹೇಳಿ ಕೆಟ್ಳು. ಇಲ್ಲದಿದ್ರೆ ಆಯಮ್ಮನಂಗೆ ಎಣಿಸೋರು ಹುಟ್ಟಲ್ಲ."

ನಾನು ಎದ್ದು ನಿಂತೆ.

"ಸುಳ್ಳು ಹೇಳಿದ್ದು ಅಕ್ಕ ಅಲ್ಲ ಮಾವ. ನಾನು."

"ಕೂತ್ಕಳ್ಳೋ. ದುಃಖದಾಗೆ ಏನೇನೋ ಮಾತಾಡ್ಬ್ಯಾಡ."

"ದುಃಖ ಅಲ್ಲ. ನೀವು ಕೇಳ್ರಿ, ಎಲ್ರೂ ಕೇಳ್ರಿ. ಬ್ಯಾಸಿಗ್ಯಾಗೆ ಲೆಕ್ಕ ತಿರುಗಿದ್ದು ನಿಜ. ಹಕ್ಕಿ ಸತ್ತಿದ್ದು ನಿಜ. ಮಳೆ ಬಿದ್ಮ್ಯಾಲೆ ಮತ್ತೆ ಮೊದ್ಲಿನಂಗಾಗಿದ್ದೂ ನಿಜ. ಅಕ್ಕ ಹೇಳಿದ್ದೆಲ್ಲ ನಿಜ. ಪುಸ್ತಕದಾಗೆ ತಿರುವಿ ಬರೆದೋನು ನಾನು. ಮೇಡಮ್ಮೋರು ಕೇಳಿದಾಗ ಹೌದು ಅಂದೋನು ನಾನು. ನೀವು ನಕ್ಕಾಗ ಸುಮ್ಮನಿದ್ದೋನು ನಾನು."

ನನ್ನ ಮಗ ನನ್ನನ್ನೇ ನೋಡುತ್ತಿದ್ದ. ನಾನು ಹಸಿ ಮಣ್ಣಿನ ಹತ್ತಿರ ಹೋದೆ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬೇವಿನ ಕೆಳಗಿದ್ದವರಿಗೆಲ್ಲ ಕೇಳಬೇಕು ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಕ್ಕ, ನೀನು ಹೇಳು ಅಂದ ಕಡೆ ಇವತ್ತು ಹೇಳಿದೀನಿ. ಕೇಳಬೇಕಾದೋರು ಅರ್ಧ ಇಲ್ಲ, ನೀನೂ ಇಲ್ಲ. ನಿನ್ನ ಎಣಿಕೆ ತಿದ್ದಿದ್ದು ನನ್ನ ತಪ್ಪು. ಹೌದು ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಎಲ್ಲಕ್ಕಿಂತ ದೊಡ್ಡದು. ನನ್ನ ಕ್ಷಮಿಸಕ್ಕ."